ನೀರಿಳಿದ ಮೇಲಿನ ಅಧ್ಯಾಯ

ಚೆನ್ನೈಯ ಜಾರ್ಜ್ ಟೌನಿನಲ್ಲಿ, ಉಚ್ಚ ನ್ಯಾಯಾಲಯದ ಕೆಂಪು ಗುಮ್ಮಟಗಳಿಗೆ ಅನತಿದೂರದಲ್ಲಿ, ಅರ್ಮೇನಿಯನ್ ಬೀದಿಯೆಂದು ಇಂದಿಗೂ ಕರೆಯಿಸಿಕೊಳ್ಳುವ ಇಕ್ಕಟ್ಟಾದ ಮಾರ್ಗವೊಂದಿದೆ. ಅದರ ಒಂದು ಪಕ್ಕದಲ್ಲಿ, ಅಂಗಡಿಮುಂಗಟ್ಟುಗಳ ಗದ್ದಲಕ್ಕೆ ಬೆನ್ನು ಕೊಟ್ಟು ನಿಂತಿರುವ ಕನ್ಯೆ ಮರಿಯಳ ಪ್ರಾರ್ಥನಾಮಂದಿರವನ್ನು 1772ರಲ್ಲಿ ಈ ಊರಿನ ಅರ್ಮೇನಿಯನ್ ವರ್ತಕರು ಕಟ್ಟಿಸಿದರು. ರೇಷ್ಮೆ, ರತ್ನ, ಸಂಬಾರಗಳ ವ್ಯಾಪಾರದಿಂದ ಶ್ರೀಮಂತರಾಗಿದ್ದ ಈ ಜನರ ಪೈಕಿ ಹಾರುತ್ಯೂನ್ ಶ್ಮಾವೋನಿಯನ್ ಎಂಬ ಧರ್ಮಗುರು 1794ರಲ್ಲಿ 'ಅಜ್ದರಾರ್' ಎಂಬ ಪತ್ರಿಕೆಯನ್ನು ಹೊರಡಿಸಿದನು. ಅರ್ಮೇನಿಯನ್ ಭಾಷೆಯ ಮೊಟ್ಟಮೊದಲ ನಿಯತಕಾಲಿಕೆ ಅಚ್ಚಾದದ್ದು ಹೀಗೆ ಆ ದೇಶದ ಹಿಮಪರ್ವತಗಳ ನಡುವೆ ಅಲ್ಲ, ಕೋರಮಂಡಲದ ಉಪ್ಪುಗಾಳಿಯಲ್ಲಿ. ಅವರ ಪೂರ್ವೇತಿಹಾಸದ ಪರಂಪರೆಯಾದರೋ ಆ ಜನಾಂಗದ ಮೂಲಪುರುಷನಾದ ಹಾಯ್ಕನನ್ನು ನೋಹನ ಮಗ ಯೆಫೆತನ ವಂಶಕ್ಕೆ ಸೇರಿಸುತ್ತದೆ. ಅವರ ನಾಡಿನ ಅರಾರಾಟ್ ಪರ್ವತವೇ ಜಲಪ್ರಳಯದ ನಾವೆ ತಂಗಿದ ಶಿಖರವೆಂಬುದು ಅವರ ಶ್ರದ್ಧೆ. ಹೀಬ್ರೂ ಗ್ರಂಥವು ಹೇಳುವುದು ಒಂದು ಶಿಖರದ ಮಾತನ್ನಲ್ಲ, ಅರಾರಾಟ್ ಎಂಬ ಸೀಮೆಯ ಪರ್ವತಗಳ ಮಾತನ್ನು ಎಂದು ವಿದ್ವಾಂಸರು ಎಷ್ಟು ಸಲ ನೆನಪಿಸಿದರೂ, ಒಂದು ಜನಾಂಗವು ತನ್ನ ಪರ್ವತವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲಾರದು. ಬಿಟ್ಟುಕೊಡಬೇಕೆಂದು ನಾನು ಒತ್ತಾಯಿಸುವವನೂ ಅಲ್ಲ.

ಈ ಕಥೆಯ ಪಾಡು ಎಲ್ಲೆಡೆಯೂ ಇದೇ. ಓದುವವರ ಕಣ್ಣು ನಾವೆಯ ಮೇಲೆ ನೆಡುತ್ತದೆ. ಅದರ ಉದ್ದ 300 ಮೊಳ, ಅಗಲ 50, ಎತ್ತರ 30 ಎಂಬ ಲೆಕ್ಕವನ್ನು ಮಕ್ಕಳು ಕೂಡ ಬಾಯಿಪಾಠ ಮಾಡುತ್ತಾರೆ. ಸಾಹಸಿಗಳು ಹಿಮದಲ್ಲಿ ಅದರ ಹಲಗೆಗಳನ್ನು ಹುಡುಕುತ್ತಾರೆ. ನೀರು ಇಳಿದ ಮೇಲೆ ನಡೆದದ್ದನ್ನು, ಅಂದರೆ ಬೈಬಲ್ಲಿನ ಆದಿಕಾಂಡದ 8ನೆಯ ಅಧ್ಯಾಯದ ಕೊನೆಯಿಂದ 10ನೆಯ ಅಧ್ಯಾಯದವರೆಗಿನ ಭಾಗವನ್ನು, ಅವಸರದಿಂದ ದಾಟಿಬಿಡುವುದೇ ವಾಡಿಕೆ. ಆದರೆ ಮನುಷ್ಯರ ಬಾಳಿನಲ್ಲಿ ಹೆಚ್ಚು ಕೆಲಸ ಮಾಡಿದ್ದು, ಹೆಚ್ಚು ಕೇಡನ್ನೂ ಮಾಡಿದ್ದು, ಆ ದಾಟಿಹೋದ ಪುಟಗಳೇ. ಅದರಲ್ಲಿ ನಮ್ಮ ಮದರಾಸಿಗೂ ಕನ್ನಡ ಭಾಷೆಗೂ ಒಂದು ಪಾಲು ಇದೆಯೆಂಬುದನ್ನು ಇಲ್ಲಿ ನಿರೂಪಿಸಬೇಕೆಂದಿದ್ದೇನೆ.

ಮೊದಲು ಗ್ರಂಥದ ರಚನೆಯ ವಿಷಯ. ಜಲಪ್ರಳಯದ ವೃತ್ತಾಂತವು ಒಬ್ಬನ ಕೈಬರಹವಲ್ಲವೆಂಬ ಸಂಶಯಕ್ಕೆ 1753ರಲ್ಲಿ ಒಂದು ವಿಧಾನವನ್ನು ಒದಗಿಸಿದವನು ಫ್ರಾನ್ಸಿನ ವೈದ್ಯ ಜಾನ್ ಆಸ್ಟ್ರುಕ್. ಆತನ ತರುವಾಯದ ಪಂಡಿತರಲ್ಲಿ ಬಹುಮಂದಿ ಇಲ್ಲಿ ಎರಡು ಎಳೆಗಳು ಹೊಸೆದುಕೊಂಡಿರುವುದನ್ನು ಒಪ್ಪುತ್ತಾರೆ. ಒಂದು ಎಳೆಯಲ್ಲಿ ಮಳೆ 40 ಹಗಲು 40 ಇರುಳು ಸುರಿಯುತ್ತದೆ, ಶುದ್ಧ ಪ್ರಾಣಿಗಳು ಏಳೇಳು ಜೋಡಿ ಒಳಗೆ ಹೋಗುತ್ತವೆ, ಕೊನೆಗೆ ನೋಹನು ಯಜ್ಞವೇದಿಯನ್ನು ಕಟ್ಟಿ ಬಲಿಯನ್ನರ್ಪಿಸುತ್ತಾನೆ. ಇನ್ನೊಂದರಲ್ಲಿ ನೀರು 150 ದಿವಸ ಪ್ರಬಲವಾಗಿರುತ್ತದೆ, ಎಲ್ಲ ಪ್ರಾಣಿಗಳೂ ಒಂದೊಂದೇ ಜೋಡಿ, ಬಲಿಯ ಸುದ್ದಿಯೇ ಇಲ್ಲ, ತಿಂಗಳು ತಾರೀಖುಗಳ ನಿಷ್ಠುರವಾದ ಗಣನೆಯಿದೆ. ಎರಡನೆಯದನ್ನು ಬರೆದವರು ಪುರೋಹಿತವರ್ಗದವರೆಂದೂ, ಜೆರುಸಲೇಮಿನ ದೇವಾಲಯವು ಕ್ರಿಸ್ತಪೂರ್ವ 586ರ ಸುಮಾರಿಗೆ ನಾಶವಾಗಿ ಜನರು ಬಾಬಿಲೋನಿಗೆ ಸೆರೆಹೋದ ಕಾಲದಲ್ಲೋ ಅದರ ಅನಂತರವೋ ಈ ಎಳೆ ಸಿದ್ಧವಾಯಿತೆಂದೂ ಸಾಮಾನ್ಯವಾದ ಅಭಿಪ್ರಾಯ. ಊರನ್ನೂ ಗುಡಿಯನ್ನೂ ಕಳೆದುಕೊಂಡವರು ಜಲಪ್ರಳಯದ ಕಥೆಯನ್ನು ಹೇಳಹೊರಟಾಗ, ದೇವರು ಇನ್ನೊಮ್ಮೆ ಹೀಗೆ ಮಾಡಲಾರನೆಂಬ ಭರವಸೆಗೆ ಸಾಕ್ಷಿಯಾಗಿ ಮುಗಿಲಿನಲ್ಲಿ ಬಿಲ್ಲನ್ನು ಇರಿಸಿದರೆಂಬುದು ಎಷ್ಟು ಸಹಜ! ಅಂದಮೇಲೆ, ವ್ಯಾಖ್ಯಾನವೆಂಬುದು ಗ್ರಂಥ ಮುಗಿದ ಮೇಲೆ ಹೊರಗಿನಿಂದ ಬಂದು ಅಂಟಿಕೊಂಡ ವಸ್ತುವೆಂದು ತಿಳಿಯುವುದು ತಪ್ಪು. ಗ್ರಂಥದ ಒಡಲೊಳಗೇ ಇಬ್ಬರು ವ್ಯಾಖ್ಯಾನಕಾರರು ವಾದ ಮಾಡುತ್ತ ಕುಳಿತಿದ್ದಾರೆ.

ಪ್ರಾಚೀನವಾದ ಎಳೆಯಲ್ಲಿ ಒಂದು ವಿಚಿತ್ರವಾದ ಸಂಗತಿಯಿದೆ, ಅದನ್ನು ಎಷ್ಟು ಸಲ ಓದಿದರೂ ನನ್ನ ಬೆರಗು ತೀರಿಲ್ಲ. ಮನುಷ್ಯನ ಹೃದಯದ ಸಂಕಲ್ಪಗಳೆಲ್ಲ ಕೆಟ್ಟವಾದದ್ದರಿಂದ ಭೂಮಿಯನ್ನು ಅಳಿಸಿಬಿಡುವೆನೆಂದು ಯೆಹೋವನು 6ನೆಯ ಅಧ್ಯಾಯದಲ್ಲಿ ನಿಶ್ಚಯಿಸುತ್ತಾನೆ. 8ನೆಯ ಅಧ್ಯಾಯದಲ್ಲಿ, ಬಲಿಯ ಪರಿಮಳವನ್ನು ಆಘ್ರಾಣಿಸಿ, ಮನುಷ್ಯನ ಹೃದಯ ಬಾಲ್ಯದಿಂದಲೂ ಕೆಟ್ಟದ್ದೇ ಆಗಿರುವುದರಿಂದ ಇನ್ನು ಅವನ ನಿಮಿತ್ತ ಭೂಮಿಯನ್ನು ಶಪಿಸಲಾರೆನೆಂದು ತೀರ್ಮಾನಿಸುತ್ತಾನೆ. ಸಂಹಾರಕ್ಕೂ ಅಭಯಕ್ಕೂ ಕಾರಣ ಒಂದೇ! ಇಷ್ಟು ನೀರು ಹರಿದುಹೋದರೂ ಮನುಷ್ಯನು ಕಿಂಚಿತ್ತೂ ಬದಲಾಗಿಲ್ಲ, ಬದಲಾದವನು ದೇವರು.

ಈ ಮಾತಿನ ಮಹತ್ತ್ವವು ಪೂರ್ಣವಾಗಿ ತಿಳಿಯಬೇಕಾದರೆ ನೆರೆಯ ಮೆಸೊಪೊಟೇಮಿಯದ ಕಥೆಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಜಾರ್ಜ್ ಸ್ಮಿತ್ ಎಂಬಾತನು 1872ರ ಡಿಸೆಂಬರ್ 3ರಂದು ಲಂಡನ್ನಿನ ವಿದ್ವತ್ಸಭೆಯಲ್ಲಿ, ನಿನೆವೆಯಿಂದ ಬಂದ ಮಣ್ಣಿನ ಹಲಗೆಯೊಂದರಲ್ಲಿ ಜಲಪ್ರಳಯದ ವೃತ್ತಾಂತವೇ ಇರುವುದನ್ನು ಓದಿ ತೋರಿಸಿದಾಗ ಯೂರೋಪು ಬೆಚ್ಚಿಬಿದ್ದಿತು. ಅದಕ್ಕಿಂತಲೂ ಹಳೆಯದಾದ ಅತ್ರಹಾಸಿಸನ ಕಾವ್ಯದಲ್ಲಿ ಪ್ರಳಯಕ್ಕೆ ಕಾರಣ ಪಾಪವಲ್ಲ, ಗದ್ದಲ: ಮನುಷ್ಯರು ಹೆಚ್ಚಿ ಅವರ ಕೋಲಾಹಲದಿಂದ ಎನ್ಲಿಲ್ ದೇವನಿಗೆ ನಿದ್ರಾಭಂಗವಾಗುತ್ತದೆ. ನೀರಿಳಿದ ಮೇಲೆ, ನೈವೇದ್ಯವಿಲ್ಲದೆ ಹಸಿದಿದ್ದ ದೇವತೆಗಳು ಬಲಿಯ ಸುತ್ತ ನೊಣಗಳಂತೆ ಮುತ್ತುತ್ತಾರೆ. ಆಮೇಲೆ ಜನಸಂಖ್ಯೆ ಮಿತಿಮೀರದಂತೆ ಬಂಜೆಯರನ್ನೂ ಶಿಶುಗಳನ್ನು ಕೊಂಡೊಯ್ಯುವ ಪಿಶಾಚಿಯನ್ನೂ ಲೋಕಕ್ಕೆ ಕಟ್ಟಳೆಮಾಡುತ್ತಾರೆ. ಇದಕ್ಕೆ ಪ್ರತಿಯಾಗಿ ಹೀಬ್ರೂ ಕಥೆಯಲ್ಲಿ ನಾವೆಯಿಂದಿಳಿದವರಿಗೆ ದೊರೆಯುವ ಮೊದಲ ಅಪ್ಪಣೆ ಹೆಚ್ಚಿರಿ, ಭೂಮಿಯನ್ನು ತುಂಬಿರಿ ಎಂಬುದು. ಅದರ ಬೆನ್ನಿಗೇ ಮನುಷ್ಯರಕ್ತವನ್ನು ಸುರಿಸಿದವನು ಅದಕ್ಕೆ ಉತ್ತರಕೊಡಬೇಕೆಂಬ ಶಾಸನ. ಟಿಕ್ವಾ ಫ್ರೈಮರ್-ಕೆನ್ಸ್ಕಿ ಎಂಬ ವಿದುಷಿ 1977ರಲ್ಲಿ ಈ ಎರಡು ಕಥೆಗಳನ್ನು ಎದುರುಬದುರಾಗಿ ನಿಲ್ಲಿಸಿ ವಿಶದಪಡಿಸಿದಂತೆ, ಒಂದರಲ್ಲಿ ಸಮಸ್ಯೆ ಮನುಷ್ಯರು ಬಹಳವಾದದ್ದು, ಇನ್ನೊಂದರಲ್ಲಿ ಮನುಷ್ಯರ ನಡುವೆ ಕಾನೂನಿಲ್ಲದೆ ಹಿಂಸೆ ತುಂಬಿದ್ದು; ಪರಿಹಾರವೂ ಆಯಾ ರೋಗಕ್ಕೆ ತಕ್ಕುದು.

ನಾವೆಯ ವಿಷಯದಲ್ಲಿಯೂ ಒಂದು ಮಾತು ಹೇಳದೆ ಮುಂದಕ್ಕೆ ಹೋಗಲಾರೆ, ಏಕೆಂದರೆ ಅದು ನಮ್ಮ ನದಿಗಳಿಗೆ ಸಂಬಂಧಪಟ್ಟದ್ದು. 2014ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಇರ್ವಿಂಗ್ ಫಿಂಕಲ್ ಪ್ರಕಟಿಸಿದ, ಸುಮಾರು 3,700 ವರ್ಷಗಳಷ್ಟು ಹಳೆಯದಾದ ಮಣ್ಣಿನ ಹಲಗೆಯೊಂದರಲ್ಲಿ ಪ್ರಳಯದ ದೋಣಿಯ ಆಕಾರವು ಗುಂಡಗೆ: ಹಗ್ಗವನ್ನು ಸುರುಳಿಸುತ್ತಿ ಹೆಣೆದು, ಒಳಹೊರಗೆ ಕಲ್ಲರಗನ್ನು ಬಳಿದ, 70 ಮೀಟರುಗಳಷ್ಟು ವ್ಯಾಸದ ಮಹಾ ಹರಿಗೋಲು! ಇಂಥ ದೋಣಿಗಳ ಶಾಸ್ತ್ರವನ್ನು ತಿಳಿಯಲು ಆತನಿಗೆ ಒದಗಿಬಂದ ಬರೆಹಗಳಲ್ಲಿ ಜೇಮ್ಸ್ ಹಾರ್ನೆಲನದು ಮುಖ್ಯವಾದುದು. ಹಾರ್ನೆಲ್ ಮದರಾಸು ಸರಕಾರದ ಮೀನುಗಾರಿಕೆ ಇಲಾಖೆಯ ನಿರ್ದೇಶಕನಾಗಿದ್ದವನು. ದಕ್ಷಿಣ ಭಾರತದ ಹರಿಗೋಲುಗಳನ್ನು ಕಣ್ಣಾರೆ ಕಂಡು 1930ರ ದಶಕದಲ್ಲಿ ಅವುಗಳ ಮೇಲೊಂದು, ಯೂಫ್ರೆಟಿಸ್ ಟೈಗ್ರಿಸ್ ನದಿಗಳ ಹರಿಗೋಲುಗಳ ಮೇಲೊಂದು ಪ್ರಬಂಧವನ್ನು ಬರೆದನು. ಆನೆಗೊಂದಿಯ ಬಳಿ ಜನರು ಚರ್ಮ ಹೊದಿಸಿದ ಬುಟ್ಟಿಯಂಥ ದೋಣಿಗಳಲ್ಲಿ ಕುದುರೆ ಎತ್ತುಗಳನ್ನು ಕೂಡ ತುಂಗಭದ್ರೆ ದಾಟಿಸುತ್ತಿದ್ದರೆಂದು 1520ರ ಸುಮಾರಿಗೆ ಪೋರ್ಚುಗೀಸನಾದ ಡೊಮಿಂಗೋ ಪಾಯೆಸ್ ಬರೆದಿಟ್ಟಿದ್ದಾನೆ. ಹೊಗೆನಕಲ್ಲಿನಲ್ಲಿ ಇಂದು ಪ್ರವಾಸಿಗಳನ್ನು ಕೂರಿಸಿಕೊಂಡು ಗಿರ್ರನೆ ತಿರುಗುವ ಹರಿಗೋಲಿಗೆ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಬಂದಿದ್ದರೂ, ಮೇಲೆ ಬಳಿಯುವ ಡಾಂಬರು ಬಾಬಿಲೋನಿನ ಕಲ್ಲರಗಿನ ದಾಯಾದಿಯೇ. ಇಷ್ಟರಿಂದ ಜಲಪ್ರಳಯವು ತುಂಗಭದ್ರೆಯಲ್ಲಿ ಆಯಿತೆಂದು ಸಾಧಿಸಲು ಹೊರಡುವ ಉತ್ಸಾಹಿಗಳು ಹುಟ್ಟದಿರಲೆಂದು ಪ್ರಾರ್ಥಿಸುತ್ತೇನೆ. ಹೊಳೆ ದಾಟಬೇಕಾದ ಜನರಿಗೆ ಎಲ್ಲಿಯೂ ಹೊಳೆಯುವ ಉಪಾಯವದು.

ಈಗ ನೀರಿಳಿದ ಮೇಲಿನ ಕಥೆ. ದೇವರು ಎಚ್ಚರಿಕೆ ಕೊಟ್ಟಾಗ, ನಾವೆಯನ್ನು ಕಟ್ಟುವಾಗ, ಬಾಗಿಲು ಮುಚ್ಚಿದಾಗ, ಕಾಗೆಯನ್ನೂ ಪಾರಿವಾಳವನ್ನೂ ಹಾರಿಬಿಡುವಾಗ, ಬಲಿಯನ್ನರ್ಪಿಸುವಾಗ, ಎಲ್ಲಿಯೂ ನೋಹನು ಬಾಯಿ ತೆರೆಯುವುದಿಲ್ಲ. ಇಡೀ ವೃತ್ತಾಂತದಲ್ಲಿ ಅವನು ಆಡಿದ ಮಾತು ಒಂದೇ ಸಂದರ್ಭದಲ್ಲಿ, ಅದೂ 9ನೆಯ ಅಧ್ಯಾಯದ ಕೊನೆಯಲ್ಲಿ. ಅವನು ದ್ರಾಕ್ಷಾತೋಟವನ್ನು ನೆಟ್ಟು, ದ್ರಾಕ್ಷಾರಸವನ್ನು ಕುಡಿದು, ಮೈಮರೆತು, ತನ್ನ ಗುಡಾರದಲ್ಲಿ ಬೆತ್ತಲೆಯಾಗಿ ಬಿದ್ದಿರುತ್ತಾನೆ. ಅವನ ಮಗ ಹಾಮನು ಅದನ್ನು ಕಂಡು ಹೊರಗಿದ್ದ ಅಣ್ಣತಮ್ಮಂದಿರಿಗೆ ಹೇಳುತ್ತಾನೆ. ಶೇಮ್ ಯೆಫೆತರು ಹೆಗಲಮೇಲೆ ಬಟ್ಟೆಯನ್ನು ಹಾಕಿಕೊಂಡು, ತಂದೆಯ ಮಾನವನ್ನು ನೋಡದೆ, ಹಿಮ್ಮುಖವಾಗಿ ನಡೆದು ಹೊದಿಸುತ್ತಾರೆ. ಎಚ್ಚತ್ತ ನೋಹನು ಬಾಯಿ ತೆರೆದು ಶಪಿಸುತ್ತಾನೆ. ಯಾರನ್ನು? ಕಂಡ ಹಾಮನನ್ನಲ್ಲ, ಹಾಮನ ಮಗನಾದ ಕಾನಾನನನ್ನು. ಆ ಕಾನಾನನು ಗುಡಾರದ ಹತ್ತಿರ ಸುಳಿದನೆಂಬ ಮಾತೇ ಕಥೆಯಲ್ಲಿಲ್ಲ! ಅವನು ತನ್ನವರಿಗೆ ದಾಸಾನುದಾಸನಾಗಬೇಕಂತೆ. ಯೆಹೂದಿ ಪಂಡಿತರು ಇದಕ್ಕೆ ಸಮಾಧಾನ ಹುಡುಕಿ ಹುಡುಕಿ ಬಳಲಿದ್ದಾರೆ. ನೋಹನ ಮಕ್ಕಳನ್ನು ದೇವರು ಆಗಲೇ ಆಶೀರ್ವದಿಸಿದ್ದನಾದ್ದರಿಂದ ಹಾಮನಿಗೆ ಶಾಪ ತಗಲಲಾರದಾಗಿತ್ತೆಂಬುದು ಅವರ ಸಮಾಧಾನಗಳಲ್ಲಿ ಒಂದು. ಆಧುನಿಕ ವಿಮರ್ಶಕರಿಗಾದರೋ ವಿಷಯ ಸರಳವಾಗಿದೆ: ಕಾನಾನ್ಯರ ನೆಲವನ್ನು ಇಸ್ರಾಯೇಲ್ಯರು ವಶಪಡಿಸಿಕೊಂಡದ್ದಕ್ಕೆ ಪುರಾಣಕಾಲದ ಒಂದು ಹಕ್ಕುಪತ್ರ ಬೇಕಾಗಿತ್ತು. ಶಪಿಸಿದವನು ದೇವರಲ್ಲ, ನಿಶೆಯಿಳಿದ ಒಬ್ಬ ಮುದುಕನೆಂಬುದನ್ನು ಗ್ರಂಥವು ಮುಚ್ಚಿಡಲಿಲ್ಲ. ಓದಿದವರು ಮಾತ್ರ ಮರೆತರು. ಅಮೆರಿಕದಲ್ಲಿ ಆಫ್ರಿಕದ ಜನರನ್ನು ಗುಲಾಮರಾಗಿ ಇರಿಸಿಕೊಂಡವರು ಶತಮಾನಗಳ ಕಾಲ ಈ ಶಾಪವನ್ನೇ ಹಾಮನ ತಲೆಗೆ ಹೊರಿಸಿ ಪ್ರಮಾಣವಾಗಿ ಉದ್ಧರಿಸಿದರು.

ಆ ಶಾಪದ ಬೆನ್ನಿಗೆ ಬರುವ 10ನೆಯ ಅಧ್ಯಾಯವು ನೋಹನ ಮೂವರು ಮಕ್ಕಳಿಂದ ಲೋಕದ ಜನಾಂಗಗಳೆಲ್ಲ ಹುಟ್ಟಿದ ವಂಶಾವಳಿ. ಇಲ್ಲಿ ಹಿಂದೂಗಳು ಯಾವ ಕೊಂಬೆಗೆ ಸೇರಿದವರೆಂಬ ಪ್ರಶ್ನೆ ಕಲ್ಕತ್ತೆಯ ಸರ್ ವಿಲಿಯಂ ಜೋನ್ಸನನ್ನು ಕಾಡಿತು. ಭಾಗವತದ ಅಷ್ಟಮ ಸ್ಕಂಧದ ಮತ್ಸ್ಯಾವತಾರಕಥೆಯನ್ನು ಆತನು ಬಲ್ಲವನಾಗಿದ್ದನು. ಅಲ್ಲಿ ಕೃತಮಾಲಾ ನದಿಯಲ್ಲಿ ತರ್ಪಣ ಬಿಡುತ್ತಿದ್ದಾಗ ಬೊಗಸೆಗೆ ಮೀನುಮರಿ ಬಂದದ್ದು ಸತ್ಯವ್ರತನೆಂಬ ದ್ರವಿಡೇಶ್ವರನಿಗೆ, ಮುಂದೆ ವೈವಸ್ವತ ಮನುವಾದವನಿಗೆ. ಶತಪಥ ಬ್ರಾಹ್ಮಣದಲ್ಲಿ ಉತ್ತರದ ಗಿರಿಗೆ ದೋಣಿ ಕಟ್ಟಿದ ಮನು, ಭಾಗವತಕಾರನ ಕಾಲಕ್ಕೆ ತಮಿಳುನಾಡಿನ ದೊರೆಯಾಗಿಬಿಟ್ಟಿದ್ದಾನೆ. ಕೃತಮಾಲೆಯೆಂದರೆ ಮಧುರೆಯ ವೈಗೈ ಎಂದೇ ಇಲ್ಲಿನವರ ನಂಬಿಕೆ. ಜೋನ್ಸನಿಗೆ ಸತ್ಯವ್ರತನೂ ನೋಹನೂ ಒಬ್ಬನೇ ಎಂದು ತೋರಿತು. 1792ರ ತನ್ನ ವಾರ್ಷಿಕೋಪನ್ಯಾಸದಲ್ಲಿ ಹಿಂದೂಗಳನ್ನೂ ಪಾರಸೀಕರನ್ನೂ ಗ್ರೀಕರನ್ನೂ ಹಾಮನ ಸಂತತಿಗೆ ಸೇರಿಸಿದನು. ಆ ಕೊಂಬೆಗೆ ಅಂಟಿಕೊಂಡಿದ್ದ ಶಾಪದ ವಾಸನೆ ಅವನಿಗೆ ಬರಲಿಲ್ಲವೆನ್ನಬೇಕು, ಏಕೆಂದರೆ ಅವನು ಆ ಜನಗಳನ್ನು ಹೊಗಳುವುದಕ್ಕಾಗಿಯೇ ಒಟ್ಟಿಗೆ ಕಟ್ಟಿದ್ದು.

ಕಾಶಿಯಲ್ಲಿದ್ದ ಫ್ರಾನ್ಸಿಸ್ ವಿಲ್ಫರ್ಡನ ಕಥೆ ಇದಕ್ಕಿಂತ ರಂಜಕವಾದುದು. ಆತನು ತನಗೆ ಬೇಕಾದ ಬೈಬಲ್ಲಿನ ಮತ್ತು ಗ್ರೀಕರ ಕಥೆಗಳನ್ನು ಪಂಡಿತನಿಗೆ ವಿವರಿಸಿ, ಇವು ನಿಮ್ಮ ಪುರಾಣಗಳಲ್ಲಿ ಎಲ್ಲಿವೆ ನೋಡಿ ಎಂದನು. ಸಂಬಳ ಕೊಡುವವನು ಕೇಳಿದ ಮೇಲೆ ಇಲ್ಲವೆನ್ನುವುದು ಹೇಗೆ? ಪದ್ಮಪುರಾಣದ ಭಾಗವೆಂದು ಸಿಕ್ಕಿತು ನೋಡಿ: ಸತ್ಯವರ್ಮನೆಂಬ ರಾಜನಿಗೆ ಜ್ಯಾಪೇತಿ, ಚರ್ಮ, ಶರ್ಮ ಎಂದು ಮೂವರು ಮಕ್ಕಳು, ರಾಜನು ಮದ್ಯಪಾನದಿಂದ ಬತ್ತಲೆಯಾಗಿ ಬಿದ್ದಾಗ ಚರ್ಮನು ನಕ್ಕನು, ಶಾಪಗ್ರಸ್ತನಾದನು. ಇದರ ಅನುವಾದವನ್ನು ಸ್ವತಃ ಜೋನ್ಸನೇ ಮಾಡಿ 1792ರ 'ಏಷಿಯಾಟಿಕ್ ರಿಸರ್ಚಸ್' ಸಂಪುಟದಲ್ಲಿ ಅಚ್ಚುಹಾಕಿದನು. 1805ರಲ್ಲಿ, ಜೋನ್ಸನು ಗತಿಸಿ 11 ವರ್ಷಗಳಾದ ಮೇಲೆ, ವಿಲ್ಫರ್ಡನು ಹಸ್ತಪ್ರತಿಗಳಲ್ಲಿ ಹೆಸರುಗಳು ತಿದ್ದಿಹೋಗಿವೆ, ಹಾಳೆಗಳೇ ಬದಲಾಗಿವೆ, ಇದೆಲ್ಲ ಪಂಡಿತನ ಕೈವಾಡವೆಂದು ಪ್ರಕಟವಾಗಿ ಒಪ್ಪಿಕೊಂಡನು. ಲೋಕವೆಲ್ಲ ಪಂಡಿತನನ್ನು ಬೈದಿತು. ಆ ಪುರಾಣದ ನಿಜವಾದ ಕರ್ತೃ ಯಜಮಾನನ ಆತುರವೆಂದು ನನ್ನ ಮತ. ಪಂಡಿತನು ಲಿಪಿಕಾರ ಮಾತ್ರ.

ಮದರಾಸಿನಲ್ಲಿ ಇದೇ ವಂಶವೃಕ್ಷದ ವಿಚಾರವು ಬೇರೆ ದಾರಿ ಹಿಡಿಯಿತು. ಕಂಪನಿಯ ಯುವ ಅಧಿಕಾರಿಗಳಿಗೆ ದೇಶಭಾಷೆಗಳನ್ನು ಕಲಿಸಲೆಂದು 1812ರಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಆರಂಭವಾಯಿತು. ಅದರ ಜೀವಾಳವಾಗಿದ್ದವನು ಮದರಾಸಿನ ಕಲೆಕ್ಟರ್ ಫ್ರಾನ್ಸಿಸ್ ವೈಟ್ ಎಲ್ಲಿಸ್. ದಕ್ಷಿಣದ ಭಾಷೆಗಳೆಲ್ಲ ಸಂಸ್ಕೃತದ ಮಕ್ಕಳೆಂದು ಬಂಗಾಳದ ವಿದ್ವಾಂಸರು ಸಾರಿದ್ದರು. ಎ. ಡಿ. ಕ್ಯಾಂಪ್‌ಬೆಲನ ತೆಲುಗು ವ್ಯಾಕರಣಕ್ಕೆ 1816ರಲ್ಲಿ ಬರೆದ ಪ್ರಸ್ತಾವನೆಯ ಟಿಪ್ಪಣಿಯಲ್ಲಿ ಎಲ್ಲಿಸನು ಮೊದಲು ಸಂಸ್ಕೃತ ಧಾತುಗಳನ್ನೂ ತೆಲುಗು ಧಾತುಗಳನ್ನೂ ಅಕ್ಕಪಕ್ಕ ಇಟ್ಟು ಅವು ಬೇರೆಬೇರೆಯೆಂದು ತೋರಿಸಿ, ಅನಂತರ ತಮಿಳು, ತೆಲುಗು, ಕನ್ನಡ ಧಾತುಗಳನ್ನು ಮೂರು ಅಂಕಣಗಳಲ್ಲಿ ಜೋಡಿಸಿ ಅವು ಒಂದೇ ಮೂಲದವೆಂದು ಸಾಧಿಸಿದನು. ಮಲಯಾಳ, ತುಳು, ಕೊಡಗು ಭಾಷೆಗಳನ್ನೂ, ದೂರದ ರಾಜಮಹಲ್ ಬೆಟ್ಟಗಳ ಮಾತನ್ನೂ ಆ ಬಳಗಕ್ಕೆ ಸೇರಿಸಿದನು. ದ್ರಾವಿಡ ಭಾಷೆಗಳನ್ನು ಹೋಲಿಸಿದ ಕಾಲ್ಡ್‌ವೆಲನ ಪ್ರಸಿದ್ಧ ವ್ಯಾಕರಣ ಬಂದದ್ದು 40 ವರ್ಷಗಳ ಮೇಲೆ, 1856ರಲ್ಲಿ. ಆ ಪಟ್ಟಿಗಳ ಹಿಂದೆ ಕಾಲೇಜಿನ ಪಟ್ಟಾಭಿರಾಮ ಶಾಸ್ತ್ರಿಗಳ ಧಾತುಮಾಲೆ ಇತ್ತು, ಶಂಕರಯ್ಯನವರ ಪಾಂಡಿತ್ಯವಿತ್ತು. ಕಾಶಿಯ ಪಂಡಿತನಿಗೆ ಯಜಮಾನನ ಕಥೆಗೆ ಉತ್ತರ ಹುಡುಕುವ ಕೆಲಸ ಬಿದ್ದಿದ್ದರೆ, ಇವರಿಗೆ ತಮ್ಮದೇ ವ್ಯಾಕರಣಶಾಸ್ತ್ರದ ಕೆಲಸ ದೊರಕಿತ್ತು. ವ್ಯತ್ಯಾಸ ಅಷ್ಟೇ, ಆದರೆ ಸಣ್ಣದಲ್ಲ.

ಭಾಷೆಗಳಿಗೆ ಕುಟುಂಬವಿದೆ, ಶಾಖೆಗಳಿವೆ ಎಂಬ ಕಲ್ಪನೆಯೇ ನೋಹನ ವಂಶಾವಳಿಯಿಂದ ಇಳಿದುಬಂದದ್ದೆಂದು ಇತಿಹಾಸಕಾರ ಥಾಮಸ್ ಟ್ರಾಟ್‌ಮನ್ ಪ್ರತಿಪಾದಿಸಿದ್ದಾರೆ. ಆದುದರಿಂದ ಎಲ್ಲಿಸನು ಆದಿಕಾಂಡದ ಹೊರಗೆ ನಿಂತು ಯೋಚಿಸಿದನೆಂದು ಹೇಳಲಾಗದು. ಆದರೂ ಅವನ ವಿಧಾನದ ಪರಿಣಾಮ ಎಲ್ಲಿಗೆ ಮುಟ್ಟಿತೆಂಬುದನ್ನು ನೋಡಿ. ಧಾತುಗಳನ್ನು ಅಕ್ಕಪಕ್ಕ ಇಡುವ ಅದೇ ಪರೀಕ್ಷೆಯನ್ನು ಆ ವಂಶಾವಳಿಗೇ ಒಡ್ಡಿದರೆ, ಶೇಮನ ಮೊಮ್ಮಕ್ಕಳೆನಿಸಿದ ಇಸ್ರಾಯೇಲ್ಯರ ಹೀಬ್ರೂ ಭಾಷೆಯು ಹಾಮನ ಮಗನಾಗಿ ಶಾಪಗ್ರಸ್ತನಾದ ಕಾನಾನನ ನಾಡಿನ ಮಾತುಗಳಿಗೆ ಒಡಹುಟ್ಟು! ಇಂದಿನ ಭಾಷಾಶಾಸ್ತ್ರಜ್ಞರು ಹೀಬ್ರೂವನ್ನು ಎಣಿಸುವುದೇ ಕಾನಾನ್ಯ ಶಾಖೆಯಲ್ಲಿ. ಅಣ್ಣತಮ್ಮಂದಿರ ನಾಲಗೆಯನ್ನಾಡುತ್ತಲೇ ಅವರನ್ನು ಬೇರೆ ಕೊಂಬೆಗೆ ಬರೆದಿಟ್ಟ ಆ 10ನೆಯ ಅಧ್ಯಾಯವು ರಕ್ತದ ದಾಖಲೆಯಲ್ಲ, ರಾಜಕೀಯದ ದಾಖಲೆ. ಈಜಿಪ್ಟು, ಬಾಬಿಲೋನು, ಕಾನಾನ್ ಎಂದು ತಮಗೆ ಕಂಟಕವಾದವರಲ್ಲಿ ಬಹುಮಂದಿಯನ್ನು ಒಂದೇ ಕೊಂಬೆಗೆ ತೂಗುಹಾಕಿದ್ದಾರೆ.

ನೀರು ಬಂದುಹೋದ ಮೇಲೆ ಅಪರಾಧವನ್ನು ಯಾರ ಮೇಲೆ ಹೊರಿಸಬೇಕೆಂಬುದು ತಮಿಳರ ಕಾವ್ಯಕ್ಕೂ ಹೊಸ ಪ್ರಶ್ನೆಯಲ್ಲ. ಉ. ವೇ. ಸ್ವಾಮಿನಾಥ ಅಯ್ಯರವರು 1898ರಲ್ಲಿ ತಾಳೆಗರಿಗಳಿಂದ ಉದ್ಧರಿಸಿ ಅಚ್ಚಿಗೆ ತಂದ 'ಮಣಿಮೇಖಲೈ'ಯಲ್ಲಿ ಕಾವೇರಿಪೂಂಪಟ್ಟಣವನ್ನು ಕಡಲು ನುಂಗುತ್ತದೆ. ಕಳೆದುಹೋದ ಮಗನ ದುಃಖದಲ್ಲಿ ಚೋಳರಾಜನು ಇಂದ್ರೋತ್ಸವವನ್ನು ಮರೆತದ್ದೇ ಕಾರಣ. ಇಲ್ಲಿ ಕನಿಷ್ಠಪಕ್ಷ ತಪ್ಪಿತಸ್ಥನು ಸಿಂಹಾಸನದ ಮೇಲೆ ಕುಳಿತವನೇ. ಕಾವ್ಯವೂ ಆ ದೂಷಣೆಯಲ್ಲಿ ಕಾಲ ಕಳೆಯದೆ, ನಾಯಿಕೆಯನ್ನು ಬರದಿಂದ ಬಳಲುವ ಕಂಚಿಗೆ ಕರೆತಂದು, ಅವಳ ಕೈಯ ಅಮೃತಸುರಭಿಯೆಂಬ ಅಕ್ಷಯಪಾತ್ರೆಯಿಂದ ಹಸಿದವರಿಗೆ ಉಣಬಡಿಸುತ್ತದೆ.

2015ರ ಡಿಸೆಂಬರ್ ಮೊದಲ ದಿನ ಚೆನ್ನೈಗೆ ಬಂದ ಪ್ರವಾಹದ ತರುವಾಯ ನಡೆದ ವ್ಯಾಖ್ಯಾನಗಳನ್ನು ಈ ಕಥೆಗಳ ಜೊತೆಗಿಟ್ಟು ಓದುವುದು ನನಗೆ ಅನಿವಾರ್ಯವೆನಿಸುತ್ತದೆ. ತಾಂಬರಂನಲ್ಲಿ ಒಂದೇ ದಿನದೊಳಗೆ 49 ಸೆಂಟಿಮೀಟರು ಮಳೆ ಸುರಿಯಿತು. ಚೆಂಬರಂಬಾಕ್ಕಂ ಕೆರೆಯ ಬಾಗಿಲುಗಳಿಂದ ಸೆಕೆಂಡಿಗೆ 29,000 ಘನ ಅಡಿಗಳಷ್ಟು ನೀರನ್ನು ಬಿಡಲಾಯಿತು. ಅಡಯಾರ್ ನದಿ ಎರಡು ದಡಗಳನ್ನೂ ಮೀರಿ ಮನೆಗಳನ್ನು ಹೊಕ್ಕಿತು. ಕಡಲತೀರದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳ ಮೇಲೆ ಹೊತ್ತು ತಂದು ಬೀದಿಗಳಲ್ಲಿ ತೇಲಿಸಿ ಜನರನ್ನು ಪಾರುಮಾಡಿದರು. ದೈವಕೋಪವೆಂದವರೂ ಇದ್ದರು, ನೂರು ವರ್ಷಕ್ಕೊಮ್ಮೆ ಬರುವ ಮಳೆಯೆಂದವರೂ ಇದ್ದರು. 2018ರಲ್ಲಿ ವಿಧಾನಸಭೆಯ ಮುಂದೆ ಬಂದ ಸಿಎಜಿ ವರದಿಯು ಅದನ್ನು ಮನುಷ್ಯಕೃತ ವಿಪತ್ತೆಂದು ಕರೆದು, ಜಲಾಶಯದ ನಿರ್ವಹಣೆಯನ್ನು ಆಕ್ಷೇಪಿಸಿತು. ಕೆರೆಗಳ ಅಂಗಳದಲ್ಲಿ ಬಡಾವಣೆಗಳೆದ್ದದ್ದು, ಪಳ್ಳಿಕರಣೈ ಜೌಗಿನ ಬಹುಭಾಗವನ್ನು ಕಚೇರಿಗಳು, ರಸ್ತೆಗಳು, ಕಸದ ಗುಡ್ಡಗಳು ಆಕ್ರಮಿಸಿದ್ದು ಯಾರಿಗೂ ತಿಳಿಯದ ವಿಷಯವಾಗಿರಲಿಲ್ಲ.

ಆದರೂ ತೆರವಿನ ಯಂತ್ರಗಳು ಮೊದಲು ಹೋದದ್ದು ಅಡಯಾರ್ ಮತ್ತು ಕೂವಂ ದಡದ ಗುಡಿಸಲುಗಳ ಬಳಿಗೆ. ನದಿಯ ಪಾತ್ರವನ್ನು ಬಿಡಿಸಬೇಕೆಂಬ ಕಾರಣದಿಂದ ಸಾವಿರಾರು ಕುಟುಂಬಗಳನ್ನು ನಗರದ ದಕ್ಷಿಣದ ಅಂಚಿನಲ್ಲಿ, ಪೆರುಂಬಾಕ್ಕಂನ ಬಹುಮಹಡಿ ಕಟ್ಟಡಗಳಿಗೆ ಸಾಗಿಸಲಾಯಿತು. ಮನೆಗೆಲಸಕ್ಕೆ ಹೋಗುತ್ತಿದ್ದ ಹೆಂಗಸರಿಗೆ ಕೆಲಸದ ಮನೆಗಳು ದೂರವಾದವು, ಮಕ್ಕಳಿಗೆ ಶಾಲೆಗಳು ದೂರವಾದವು. ಆ ಜನರು ದಡದ ಮೇಲೆ ಇರಬಾರದಾಗಿತ್ತೆಂಬ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಅಡಯಾರ್ ಉಕ್ಕಿದಾಗ ಮೊದಲು ಮುಳುಗಿದವರೂ ಅವರೇ. ಆದರೆ ಕೆರೆಯನ್ನು ಮುಚ್ಚಿದವರು ಅವರಲ್ಲ, ಕೆರೆಯ ಬಾಗಿಲು ತೆರೆದವರೂ ಅವರಲ್ಲ. ಗುಡಾರದೊಳಗೆ ಇಣುಕದ ಕಾನಾನನಿಗೆ ಶಾಪ ತಗಲಿದ ರೀತಿಯನ್ನು ವಿವರಿಸಲು ಬಳಲಿದ ಹಳೆಯ ಪಂಡಿತರಿಗೆ ಈ ಸ್ಥಳಾಂತರದ ತರ್ಕವನ್ನು ವಿವರಿಸುವುದೂ ಅಷ್ಟೇ ಕಷ್ಟವಾಗುತ್ತಿತ್ತು. ಪೆರುಂಬಾಕ್ಕಂ ಇರುವುದು ಅದೇ ಪಳ್ಳಿಕರಣೈ ಜೌಗಿನ ಮಗ್ಗುಲಲ್ಲಿ. 2023ರ ಡಿಸೆಂಬರ್ ತಿಂಗಳಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಅಲ್ಲಿಯೂ ಸುತ್ತಲೂ ನೀರು ನಿಂತಿತು.